ಕವಚಧಾರಿ ನಾಣ್ಯಗಳು

ನಾಣ್ಯವನ್ನು ತಾನೇ ಪರೀಕ್ಷಿಸಲರಿಯದವನಿಗೆ ಪರೀಕ್ಷಿಸಬಲ್ಲವನ ಮಾತೇ ಪ್ರಮಾಣ. ಆ ಮಾತನ್ನೇ ವಿಕ್ರಯವಸ್ತುವನ್ನಾಗಿ ಮಾಡಿದುದು ಕಳೆದ ಶತಮಾನದ ಅಂತ್ಯಭಾಗದಲ್ಲಿ ಅಮೆರಿಕದ ನಾಣ್ಯವ್ಯಾಪಾರವು ಕಂಡುಕೊಂಡ ಉಪಾಯ. 1986ರಲ್ಲಿ ಕಾರ್ಯಾರಂಭ ಮಾಡಿದ ಪಿ.ಸಿ.ಜಿ.ಎಸ್., ಮರುವರ್ಷ ಹುಟ್ಟಿದ ಎನ್.ಜಿ.ಸಿ. ಎಂಬ ಎರಡು ಸಂಸ್ಥೆಗಳು ಕೊಳ್ಳುವವನಿಗೂ ಮಾರುವವನಿಗೂ ಸೇರದ ತಟಸ್ಥ ಪರೀಕ್ಷಕರಾಗಿ ನಿಂತು, ನಾಣ್ಯದ ನೈಜತೆಯನ್ನು ನಿಶ್ಚಯಿಸಿ, ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ತಾಮ್ರದ ಸೆಂಟುಗಳಿಗಾಗಿ ಕಲ್ಪಿಸಿದ 1ರಿಂದ 70ರವರೆಗಿನ ಮಾನದಲ್ಲಿ ಅದರ ದರ್ಜೆಯನ್ನು ಗೊತ್ತುಮಾಡಿ, ಸಂಖ್ಯೆಯಿರುವ ಚೀಟಿಯೊಡನೆ ಗಟ್ಟಿಯಾದ ಪ್ಲಾಸ್ಟಿಕ್ ಸಂಪುಟದಲ್ಲಿ ಮುಚ್ಚಿ ಕೊಡುತ್ತವೆ. ಸಂಗ್ರಾಹಕರ ಬಾಯಲ್ಲಿ ಇದು ‘ಸ್ಲ್ಯಾಬ್’.

ಈ ಪದ್ಧತಿಯಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಅದಕ್ಕೆ ಮುನ್ನ ಮಾರುವವನೇ ತನ್ನ ನಾಣ್ಯದ ದರ್ಜೆಯನ್ನು ಹೇಳುತ್ತಿದ್ದನು. ಒಂದು ದರ್ಜೆಯ ಅಂತರದಿಂದ ಬೆಲೆ ಹಲವು ಮಡಿಯಾಗುವ ವ್ಯಾಪಾರದಲ್ಲಿ ಅವನ ನಾಲಗೆ ಸ್ವಾರ್ಥದ ಕಡೆಗೆ ಹೊರಳಿದರೆ ಆಶ್ಚರ್ಯವೇನೂ ಇರಲಿಲ್ಲ. ಬ್ರಿಟಿಷ್ ಕಾಲದ ನಮ್ಮ ರೂಪಾಯಿಗಳೂ ಇಂದು ಈ ಸಂಪುಟಗಳನ್ನು ಸೇರಿ ದೂರದೂರದ ಊರುಗಳಲ್ಲಿ ಕೈ ಬದಲಾಯಿಸುತ್ತಿರುವುದಕ್ಕೆ ಆ ತಟಸ್ಥತೆಯ ಮೇಲಿನ ನಂಬಿಕೆಯೇ ಕಾರಣ.

ಆದರೆ ಬೆಲೆಯು ನಂಬಿಕೆಯನ್ನು ಅನುಸರಿಸತೊಡಗಿದೊಡನೆ, ಕೂಟಕರ್ಮಿಯು ಲೋಹದ ಜೊತೆಗೆ ನಂಬಿಕೆಯನ್ನೂ ನಕಲು ಮಾಡಲು ಕಲಿತನು. 2008ರ ಸುಮಾರಿಗೆ ಚೀನದಲ್ಲಿ ತಯಾರಾದ ಕೃತಕ ಸಂಪುಟಗಳು ಮಾರುಕಟ್ಟೆಯಲ್ಲಿ ಕಾಣಿಸಿಕೊಂಡು, ಎರಡು ಸಂಸ್ಥೆಗಳೂ ಗ್ರಾಹಕರನ್ನು ಎಚ್ಚರಿಸಬೇಕಾಯಿತು. ಒಳಗೆ ಕೂಟನಾಣ್ಯ, ಹೊರಗೆ ಕೂಟಕವಚ. ಚೀಟಿಯ ಮೇಲಿನ ಸಂಖ್ಯೆಯೊಂದು ಮಾತ್ರ ನಿಜ, ಏಕೆಂದರೆ ಅದು ಬೇರಾವುದೋ ಸಾಚಾ ನಾಣ್ಯಕ್ಕೆ ಸಂಸ್ಥೆಯೇ ಕೊಟ್ಟದ್ದು. ಆದಕಾರಣ ಆ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯಲ್ಲಿ ಹುಡುಕಿ ನೋಡಿ ಸಮಾಧಾನಪಡುವವನು ತನ್ನ ಎಚ್ಚರಿಕೆಯಿಂದಲೇ ಮೋಸಹೋಗುತ್ತಾನೆ.

ಹಾಗಾದರೆ ಪರೀಕ್ಷೆಯ ಮಾರ್ಗಗಳಾವುವು? ಚೀಟಿಯ ಅಕ್ಷರಗಳ ದಪ್ಪ ಮತ್ತು ಅಂತರ, ಹೊಲೊಗ್ರಾಮಿನ ಹೊಳಪು, ಪ್ಲಾಸ್ಟಿಕ್ಕಿನ ನೈರ್ಮಲ್ಯ, ಬೆಸುಗೆಯ ಅಚ್ಚುಕಟ್ಟು ಇವನ್ನು ನೋಡಬೇಕೆಂಬುದು ರೂಢಿಯ ಉಪದೇಶ. ಅಜಾಗರೂಕನಾದ ವಂಚಕನನ್ನು ಹಿಡಿಯಲು ಅಷ್ಟು ಸಾಕು. ಆದರೆ ಸಂಸ್ಥೆಗಳು ತಮ್ಮ ಸಂಪುಟದ ರೂಪವನ್ನು ಹಲವು ಬಾರಿ ಬದಲಿಸಿರುವುದರಿಂದ ಸಾಚಾ ಆದ ಹಳೆಯ ಸ್ಲ್ಯಾಬೇ ಅಪರಿಚಿತನಿಗೆ ಶಂಕಾಸ್ಪದವಾಗಿ ತೋರಬಹುದು, ನಿಪುಣನ ನಕಲು ನಿರ್ದೋಷವಾಗಿಯೂ ತೋರಬಹುದು. ಇದಕ್ಕಿಂತ ಮೇಲಾದುದು ಸಂಸ್ಥೆಯು ಇಟ್ಟಿರುವ ಛಾಯಾಚಿತ್ರದೊಡನೆ ಕೈಯಲ್ಲಿರುವ ನಾಣ್ಯವನ್ನು ಹೋಲಿಸುವುದು: ಗೀರುಗಳೂ ಕಲೆಗಳೂ ಮನುಷ್ಯನ ಬೆರಳಚ್ಚಿನಂತೆ, ಎರಡು ನಾಣ್ಯಗಳಲ್ಲಿ ಒಂದೇ ಆಗಿರಲಾರವು. ಒಂದೇ ಗೀರು ಒಂದೇ ಸ್ಥಾನದಲ್ಲಿ ಎರಡು ನಾಣ್ಯಗಳ ಮೇಲೆ ಕಂಡರೆ, ಗೀರುಬಿದ್ದ ಒಂದು ಮೂಲದಿಂದಲೇ ಅವುಗಳ ಅಚ್ಚನ್ನು ತೆಗೆದರೆಂದು ತಿಳಿಯಬೇಕು. ದುಃಖದ ಸಂಗತಿಯೆಂದರೆ, ಹಳೆಯ ಸ್ಲ್ಯಾಬುಗಳಲ್ಲಿ ಅನೇಕಕ್ಕೆ ಛಾಯಾಚಿತ್ರವೇ ಇಲ್ಲ.

ಈ ಪದ್ಧತಿಯ ನಿಜವಾದ ದೋಷ ಇನ್ನೂ ಆಳದಲ್ಲಿದೆ. ಚೀನದೊಡನೆಯ ವ್ಯಾಪಾರಕ್ಕೆಂದೇ ಅಮೆರಿಕವು 1873ರಿಂದ ಟಂಕಿಸಿದ ಟ್ರೇಡ್ ಡಾಲರು ತನ್ನ ತೂಕ 420 ಗ್ರೇನು, ತನ್ನ ಬೆಳ್ಳಿ ಸಾವಿರಕ್ಕೆ 900 ಪಾಲು ಎಂದು ಮೈಮೇಲೆಯೇ ಸಾರುತ್ತದೆ. ಗ್ರಾಂ ಲೆಕ್ಕದಲ್ಲಿ 27.22 ಆಗುವ ಆ ತೂಕವನ್ನು ಒಂದು ತಕ್ಕಡಿಯೂ, ಆ ಬೆಳ್ಳಿಯನ್ನು ನೀರಿನಲ್ಲಿ ತೂಗಿ ಕಾಣುವ ಸುಮಾರು 10.3ರ ಸಾಂದ್ರತೆಯೂ ಕ್ಷಣದಲ್ಲಿ ಸಮರ್ಥಿಸಬಲ್ಲವು, ಇಲ್ಲವೆ ಸುಳ್ಳೆನ್ನಬಲ್ಲವು. ಆದರೆ ನಾಣ್ಯವು ಕವಚವನ್ನು ಹೊಕ್ಕ ಮೇಲೆ ತಕ್ಕಡಿಗೂ ನೀರಿಗೂ ಅಲ್ಲಿ ಪ್ರವೇಶವಿಲ್ಲ. ಅಂಚಿನ ಗೆರೆಗಳೂ ಬಹುಕಾಲ ಮರೆಯಾಗಿಯೇ ಇದ್ದವು. ಅಂಚು ಕಾಣುವಂಥ ಸಂಪುಟಗಳು ಆಮೇಲೆ ಬಂದವು. ರಕ್ಷಣೆಗೆಂದು ತೊಡಿಸಿದ ಕವಚವೇ ಪರೀಕ್ಷಕನ ಉಪಕರಣಗಳನ್ನು ಕಸಿದುಕೊಂಡಿತು. ಇದೇ ಡಾಲರನ್ನು ಪರೀಕ್ಷಿಸಿ ತಮ್ಮ ಗುರುತನ್ನು ಬೆಳ್ಳಿಯ ಮೇಲೆಯೇ ಒತ್ತುತ್ತಿದ್ದ ಅಂದಿನ ಚೀನೀ ಷರಾಫರ ಸಾಕ್ಷ್ಯವು ಲೋಹವನ್ನು ಬಿಟ್ಟು ಅಗಲುತ್ತಿರಲಿಲ್ಲ, ಮುಂದಿನ ಪರೀಕ್ಷಕನನ್ನು ತಡೆಯುತ್ತಲೂ ಇರಲಿಲ್ಲ.

ಹೊಣೆಯ ಪ್ರಶ್ನೆಯೂ ಉಂಟು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ನಾಣ್ಯಪರೀಕ್ಷಕನು ಸಲ್ಲತಕ್ಕ ನಾಣ್ಯವನ್ನು ತಡೆದರೂ, ಸಲ್ಲಬಾರದುದನ್ನು ಬಿಟ್ಟರೂ 12 ಪಣಗಳ ದಂಡಕ್ಕೆ ಗುರಿಯಾಗುತ್ತಾನೆ. ಇಂದಿನ ಸಂಸ್ಥೆಗಳೂ ತಮ್ಮ ನಿರ್ಣಯಕ್ಕೆ ಭರವಸೆ ಕೊಡುತ್ತವೆ, ನಿಜ. ಆದರೆ ಕೂಟಕವಚದ ವಿಷಯದಲ್ಲಿ ಅವು ನಿರ್ಣಯವನ್ನೇ ಕೊಟ್ಟಿಲ್ಲವಾದ್ದರಿಂದ ಮೋಸಹೋದವನು ಯಾರನ್ನು ಕೇಳಬೇಕು? ಪ್ರಮಾಣೀಕರಣದ ಗುರುತುಗಳ ನಕಲಿಗೂ ಅನ್ವಯಿಸುವಂತೆ ಅಮೆರಿಕವು 2014ರಲ್ಲಿ ನಕಲು ನಾಣ್ಯಗಳ ಕುರಿತಾದ ತನ್ನ 1973ರ ಕಾಯಿದೆಯನ್ನು ವಿಸ್ತರಿಸಿತಾದರೂ, ಪರದೇಶದ ಕಾರ್ಖಾನೆಯನ್ನು ಆ ಕಾಯಿದೆಯ ಕೈ ಸುಲಭವಾಗಿ ಮುಟ್ಟದು.

ಇಷ್ಟರಿಂದ ಪದ್ಧತಿಯೇ ತ್ಯಾಜ್ಯವೆಂದು ಹೇಳುವುದು ಅವಿವೇಕ. ಅದನ್ನು ತೀರ್ಪೆಂದು ಭಾವಿಸದೆ ಒಬ್ಬ ಸಾಕ್ಷಿಯ ಹೇಳಿಕೆಯೆಂದು ಭಾವಿಸುವುದು ಯುಕ್ತ. ಮೊದಲು ನಾಣ್ಯ, ಅಂದರೆ ಉಬ್ಬುಚಿತ್ರದ ತೀಕ್ಷ್ಣತೆ, ಬಯಲಿನ ನುಣುಪು, ವರ್ಷಕ್ಕೂ ಟಂಕಸಾಲೆಯ ಗುರುತಿಗೂ ಇರುವ ಹೊಂದಿಕೆ, ಆಮೇಲೆ ಛಾಯಾಚಿತ್ರ, ಕೊನೆಗೆ ಕವಚ, ಇವೆಲ್ಲಕ್ಕೂ ಜೊತೆಯಾಗಿ, ಮಾರುವವನ ಯೋಗ್ಯತೆ ಮತ್ತು ಅನುಚಿತವೆನಿಸುವಷ್ಟು ಅಗ್ಗವಾದ ಬೆಲೆಯ ವಿಷಯದಲ್ಲಿ ಎಚ್ಚರ. ಈ ಕ್ರಮವನ್ನು ತಲೆಕೆಳಗು ಮಾಡಿ ಚೀಟಿಯನ್ನೋದಿ ಹಣ ತೆತ್ತವನು ನಾಣ್ಯಕ್ಕಲ್ಲ, ಚೀಟಿಗೆ ಬೆಲೆ ಕೊಟ್ಟಂತಾಯಿತು. ಕೂಟಕರ್ಮಿಯು ಬಯಸುವ ಗ್ರಾಹಕನೂ ಅವನೇ.