ಹರಕೆಯೂ ಕೃಪೆಯೂ: ‘ಬೆತ್ತಲೆ ಪೂಜೆ ಯಾಕೆ ಕೂಡದು?’ – ಒಂದು ದೈವಶಾಸ್ತ್ರೀಯ ವಿಮರ್ಶೆ

ಯು. ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂಬ ಬರಹವನ್ನು ಕನ್ನಡದ ಓದುಗರು ಸಾಮಾನ್ಯವಾಗಿ ಆಧುನಿಕ ವಿಚಾರಕ್ಕೂ ಪರಂಪರೆಯ ನಂಬಿಕೆಗೂ ನಡುವಣ ವಾಗ್ವಾದವೆಂದು ಗ್ರಹಿಸಿದ್ದಾರೆ. ಆ ಗ್ರಹಿಕೆ ಸರಿಯಾದದ್ದೇ. ಆದರೆ ಅದರೊಳಗೆ ನಮ್ಮ ಸಭೆಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಪ್ರಶ್ನೆ ಅಡಗಿದೆಯೆಂದು ನಮಗೆ ತೋರುತ್ತದೆ. ದೇವರ ಸನ್ನಿಧಿಗೆ ಮನುಷ್ಯನು ಏನನ್ನು ಹೊತ್ತು ಬರಬೇಕು? ಅವನ ಪ್ರಯಾಸಕ್ಕೆ ಅಲ್ಲಿ ಯಾವ ಸ್ಥಾನವಿದೆ?

ಬರಹದ ಹಿನ್ನೆಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಅಲ್ಲಿನ ಗುಹಾಲಯದಲ್ಲಿ ನೆಲಸಿರುವ ರೇಣುಕಾಂಬೆಗೆ ಹರಕೆ ಹೊತ್ತವರು ಜಾತ್ರೆಯ ಕಾಲದಲ್ಲಿ ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ಅಥವಾ ಬೇವಿನ ಸೊಪ್ಪನ್ನಷ್ಟೇ ಉಟ್ಟು ಗುಡ್ಡದ ದೇವಾಲಯದವರೆಗೆ ಸಾಗುತ್ತಿದ್ದರು. ಅವರಲ್ಲಿ ಹೆಚ್ಚಿನವರು ದಲಿತರು ಮತ್ತು ಹಿಂದುಳಿದ ಜಾತಿಗಳವರು, ಬಹುಪಾಲು ಹೆಂಗಸರು. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರೂ ಇತರ ಸುಧಾರಕರೂ ಈ ಸೇವೆಯನ್ನು ತಡೆಯಲು ಹೋದಾಗ ಜನಸಮೂಹ ಅವರ ಮೇಲೂ ಪೊಲೀಸರ ಮೇಲೂ ತಿರುಗಿಬಿದ್ದಿತು. ಹಲವರ ಬಟ್ಟೆಯನ್ನು ಕಳಚಿ ಮೆರವಣಿಗೆ ಮಾಡಿತು. ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಿಷೇಧ ಬೇಕಾಗಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕಾನೂನು ಬೆತ್ತಲೆಯನ್ನು ತಡೆಯಬಲ್ಲುದೇ ಹೊರತು, ಆ ಹೆಂಗಸನ್ನು ಅಲ್ಲಿಯವರೆಗೆ ನಡೆಸಿ ತಂದ ಭಯವನ್ನೂ ಭರವಸೆಯನ್ನೂ ಮುಟ್ಟಲಾರದು.

ಅದೇ ಜಿಲ್ಲೆಯಲ್ಲಿ ಹುಟ್ಟಿದ ಅನಂತಮೂರ್ತಿಯವರು ಈ ಘಟನೆಯ ಮುಂದೆ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಳ್ಳುತ್ತಾರೆ. ವಿಚಾರವಾದಿಯ ನಿಶ್ಚಿತತೆಯೂ ಭಕ್ತನ ನಿಶ್ಚಿತತೆಯೂ ಅವರಿಗೆ ದಕ್ಕುವುದಿಲ್ಲ. ಈ ಸಂದರ್ಭದಲ್ಲಿ ಅವರು ಒಬ್ಬ ಚಿತ್ರಕಾರನ ಅನುಭವವನ್ನು ಹೇಳುತ್ತಾರೆ. ರೈತನೊಬ್ಬನು ಗುಡಿಸಲಿನಲ್ಲಿ ಕುಂಕುಮವಿಟ್ಟು ಪೂಜಿಸುತ್ತಿದ್ದ ಕಲ್ಲನ್ನು ಚಿತ್ರಕಾರನು ಛಾಯಾಚಿತ್ರಕ್ಕಾಗಿ ಬಿಸಿಲಿಗೆ ತರಿಸುತ್ತಾನೆ. ಅನಂತರ ಮೈಲಿಗೆಯಾಯಿತೇನೋ ಎಂದು ಅಳುಕುತ್ತಾನೆ. ರೈತನಿಗೆ ಅಳುಕಿಲ್ಲ, ಬೇರೊಂದು ಕಲ್ಲನ್ನು ತಂದು ಕುಂಕುಮವಿಟ್ಟರಾಯಿತು ಎಂಬುದು ಅವನ ನಿಲುವು. ನಂಬಿಕೆಯನ್ನು ಹೊರಗಿನಿಂದ ಅಳೆಯುವವರ ಅಹಂಕಾರವನ್ನು ಈ ಒಂದು ಪ್ರಸಂಗವೇ ಇಳಿಸಿಬಿಡುತ್ತದೆ. ಬರಹದ ದೊಡ್ಡ ಗುಣ ಇದೇ.

ಆದರೆ ಇಲ್ಲಿಯೇ ನಮ್ಮ ಆಕ್ಷೇಪವೂ ಹುಟ್ಟುತ್ತದೆ. ಕಲ್ಲಿನ ರೈತನೂ ಚಂದ್ರಗುತ್ತಿಯ ಹರಕೆಯವಳೂ ಒಂದೇ ನಂಬಿಕೆಯ ಎರಡು ಉದಾಹರಣೆಗಳಲ್ಲ. ರೈತನು ಸ್ವತಂತ್ರ, ಈ ಕಲ್ಲು ಹೋದರೆ ಇನ್ನೊಂದು ಕಲ್ಲು. ಅವನ ದೇವರು ಲೆಕ್ಕ ಕೇಳುವವನಲ್ಲ. ಹರಕೆಯವಳಿಗೆ ಆ ಸ್ವಾತಂತ್ರ್ಯವಿಲ್ಲ. ಈ ಹರಕೆ ತಪ್ಪಿದರೆ ಇನ್ನೊಂದು ಎಂದು ಅವಳು ಹೇಳಲಾರಳು. ಅವಳದು ಸಾಲ, ಮಗುವಿನ ಜ್ವರಕ್ಕೋ ಮನೆಯ ಕಷ್ಟಕ್ಕೋ ಬರೆದುಕೊಟ್ಟ ಪತ್ರ. ಮೊದಲನೆಯದು ಕೊಡುಗೆಯ ಲೋಕ, ಎರಡನೆಯದು ಋಣದ ಲೋಕ. ನಂಬಿಕೆ ಮತ್ತು ವಿಚಾರ ಎಂಬ ಜೋಡಿಯನ್ನೇ ಅಳತೆಗೋಲಾಗಿ ಹಿಡಿದದ್ದರಿಂದ, ನಂಬಿಕೆಯ ಒಳಗೇ ಇರುವ ಈ ಬಿರುಕನ್ನು ಬರಹವು ಸಾಕಷ್ಟು ಗುರುತಿಸದೆ ಹೋಗಿದೆ.

ಸತ್ಯವೇದಕ್ಕೆ ಈ ಬಿರುಕು ಹೊಸದಲ್ಲ. ಒಂದನೆಯ ಸಮುವೇಲನ ಆರಂಭದಲ್ಲಿ ಹನ್ನಳು ಹರಕೆ ಹೊರುತ್ತಾಳೆ. ಯಾಜಕನು ಅವಳನ್ನು ಕುಡಿದವಳೆಂದು ತಪ್ಪಾಗಿ ತಿಳಿದರೂ ದೇವರು ಆಲಿಸುತ್ತಾನೆ. ನ್ಯಾಯಸ್ಥಾಪಕರು 11ರಲ್ಲಿ ಯೆಪ್ತಾಹನೂ ಹರಕೆ ಹೊರುತ್ತಾನೆ; ಆದರೆ ಅದನ್ನು ತೀರಿಸಬೇಕಾದವಳು ಅವನ ಮಗಳು. ಹನ್ನಳ ಹರಕೆ ನೊಂದ ಹೆಂಗಸೊಬ್ಬಳ ಸ್ವಂತ ಮಾತು. ಯೆಪ್ತಾಹನದು ಬೇರೊಬ್ಬಳ ಮೈಯಿಂದ ತೀರುವ ಸಾಲ. ಹರಕೆಯನ್ನು ವಿಮರ್ಶಿಸುವವರು ಕೇಳಲೇಬೇಕಾದ ಪ್ರಶ್ನೆ ಇದು: ಹೊತ್ತವರು ಯಾರು, ತೀರಿಸುವವರು ಯಾರು?

ನಮ್ಮ ಪ್ರಸಂಗಪೀಠಗಳು ಈ ಪ್ರಶ್ನೆಯನ್ನು ಕೇಳುವುದು ವಿರಳ. ಚಂದ್ರಗುತ್ತಿಯಂಥ ಆಚರಣೆಗಳನ್ನು ‘ಕ್ರಿಯೆಗಳಿಂದ ರಕ್ಷಣೆ’ ಎಂಬ ಹೆಸರಿನಡಿ ಇರಿಸಿ, ಎಫೆಸ 2:8-9ನ್ನು ಅದರ ಎದುರು ನಿಲ್ಲಿಸಿ, ಅವರದು ಪ್ರಯತ್ನ, ನಮ್ಮದು ಕೃಪೆ ಎಂದು ಮುಗಿಸುವ ರೂಢಿ ನಮ್ಮಲ್ಲಿದೆ. ಇದು ಸುಲಭವಾದ ದೈವಶಾಸ್ತ್ರ. ಅದೇ ಅಧ್ಯಾಯದ 10ನೆಯ ವಚನವು ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟವರೆಂದು ಸಾರುವುದನ್ನು ಈ ಪ್ರಸಂಗ ಮರೆಯುತ್ತದೆ. ಮೇಲಾಗಿ, ತನ್ನದೆನ್ನಲು ಹರಕೆಯೊಂದನ್ನು ಬಿಟ್ಟು ಏನೂ ಇಲ್ಲದವಳಿಗೆ ‘ನಿನ್ನ ಪ್ರಯಾಸ ವ್ಯರ್ಥ’ ಎಂದಷ್ಟೇ ಹೇಳಿದರೆ, ಕೃಪೆಯ ಹೆಸರಿನಲ್ಲಿ ನಾವೂ ಅವಳ ಮೈಮೇಲಿಂದ ಇನ್ನೊಂದು ಬಟ್ಟೆಯನ್ನು ಎಳೆದಂತೆಯೇ.

ಬೆತ್ತಲೆಯನ್ನು ಕಂಡು ಹುಬ್ಬೇರಿಸುವ ಹಕ್ಕೂ ನಮಗಿಲ್ಲ. ನಾಲ್ಕನೆಯ ಶತಮಾನದಲ್ಲಿ ಯೆರೂಸಲೇಮಿನ ಸಿರಿಲನ ಬೋಧನೆಗಳ ಕಾಲಕ್ಕೆ ದೀಕ್ಷಾಸ್ನಾನಾರ್ಥಿಗಳು ಬಟ್ಟೆ ಕಳಚಿಯೇ ನೀರಿಗಿಳಿಯುತ್ತಿದ್ದರು. ಅಸ್ಸೀಸಿಯ ಫ್ರಾನ್ಸಿಸನು ಬಿಷಪರ ಎದುರಿನಲ್ಲಿ ತಂದೆಯ ಬಟ್ಟೆಗಳನ್ನು ತಂದೆಗೇ ಒಪ್ಪಿಸಿದನು. ಚಂದ್ರಗುತ್ತಿಗೆ ದೂರವಲ್ಲದ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ 12ನೆಯ ಶತಮಾನದಲ್ಲಿ ಉಡುಗೆಯನ್ನು ತೊರೆದು ಹೊರಟಳು. ಆದರೆ ಇವರು ಯಾರೂ ವರವೊಂದರ ಬೆಲೆಯಾಗಿ ಬೆತ್ತಲಾದವರಲ್ಲ. ಅಕ್ಕನು ಬಿಟ್ಟದ್ದು ಅರಮನೆಯ ಹಂಗನ್ನು, ಫ್ರಾನ್ಸಿಸನು ಬಿಟ್ಟದ್ದು ಸಿರಿವಂತಿಕೆಯ ಹಂಗನ್ನು. ದೀಕ್ಷಾರ್ಥಿಯಾದರೋ ನೀರಿನಿಂದ ಮೇಲೆದ್ದೊಡನೆ ಹೊಸ ಉಡುಗೆ ಪಡೆಯುತ್ತಿದ್ದನು. ದೀಕ್ಷಾಸ್ನಾನ ಹೊಂದಿದವರು ಕ್ರಿಸ್ತನನ್ನೇ ಧರಿಸಿಕೊಂಡವರೆಂದು ಪೌಲನು ಗಲಾತ್ಯದವರಿಗೆ ಬರೆದದ್ದರ ಪ್ರತ್ಯಕ್ಷ ರೂಪವದು.

ಉಡಿಸುವ ದೇವರೆಂಬುದು ಸತ್ಯವೇದದ ಆದಿಯಿಂದಲೂ ಕಾಣುವ ಚಿತ್ರ. ಆದಿಕಾಂಡ 3ರಲ್ಲಿ ಆದಾಮ ಹವ್ವರು ತಾವೇ ಎಲೆಗಳನ್ನು ಹೊಲಿದುಕೊಳ್ಳುತ್ತಾರೆ. ದೇವರು ಆ ಎಲೆಗಳನ್ನು ಹಾಸ್ಯಮಾಡುವುದಿಲ್ಲ, ಚರ್ಮದ ಅಂಗಿಗಳನ್ನು ಮಾಡಿ ತೊಡಿಸುತ್ತಾನೆ. ಲೂಕ 15ರಲ್ಲಿ ಮನೆಗೆ ಮರಳಿದ ಮಗನು ಆಳಾಗಿ ದುಡಿಯುವ ಒಪ್ಪಂದವನ್ನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಬರುತ್ತಾನೆ. ಅದೂ ಒಂದು ಬಗೆಯ ಹರಕೆಯೇ. ಆ ಮಾತು ಬಾಯಿಗೆ ಬರುವ ಮೊದಲೇ ತಂದೆಯು ನಿಲುವಂಗಿಯನ್ನು ತರಿಸುತ್ತಾನೆ. ಮಗನು ನಡೆದು ಬಂದದ್ದು ನಿಜ, ಆ ದಾರಿ ಅವನ ಕಾಲುಗಳದ್ದೇ. ಆದರೆ ನಿಲುವಂಗಿ ಆ ನಡಿಗೆಯ ಕೂಲಿಯಲ್ಲ.

ಪ್ರಯತ್ನ ಮತ್ತು ಕೃಪೆಗಳ ಸಮತೋಲನ ಎಂದಾಗ ತಕ್ಕಡಿಯ ಎರಡು ತಟ್ಟೆಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಪೆಲಾಗಿಯನಿಗೂ ಅಗಸ್ಟೀನನಿಗೂ ನಡೆದ ವಾದದಲ್ಲಿ ಸಭೆ ಕಲಿತದ್ದು ಈ ತಕ್ಕಡಿಯೇ ತಪ್ಪೆಂಬುದನ್ನು. ಫಿಲಿಪ್ಪಿ 2:12-13ರಲ್ಲಿ ಅಪೊಸ್ತಲನು ಭಯಭಕ್ತಿಯಿಂದ ರಕ್ಷಣೆಯನ್ನು ಸಾಧಿಸಿಕೊಳ್ಳಿರೆಂದು ಹೇಳಿ, ಅದಕ್ಕೆ ಕಾರಣವಾಗಿ ಕೊಡುವುದು ನಮ್ಮೊಳಗೆ ಇಚ್ಛೆಯನ್ನೂ ಕಾರ್ಯವನ್ನೂ ಹುಟ್ಟಿಸುವವನು ದೇವರೇ ಎಂಬುದನ್ನು. ಎರಡು ಮಾತುಗಳ ನಡುವೆ ಇರುವುದು ‘ಆದರೆ’ ಅಲ್ಲ, ‘ಯಾಕಂದರೆ’. 1999ರಲ್ಲಿ ಲೂಥರನ್ ಮತ್ತು ಕಥೋಲಿಕ ಸಭೆಗಳು ಆಗ್ಸ್‌ಬರ್ಗಿನಲ್ಲಿ ಸಹಿ ಮಾಡಿದ ಜಂಟಿ ಘೋಷಣೆಯೂ ಈ ಕ್ರಮವನ್ನೇ ಒಪ್ಪಿತು: ಅಂಗೀಕಾರ ಮೊದಲು, ಸತ್ಕ್ರಿಯೆ ಅದರ ಫಲ.

ಹಾಗಿದ್ದರೂ ನಮ್ಮ ಸಭೆಗಳಲ್ಲಿ ಋಣದ ಲೋಕ ಅಳಿದಿದೆಯೇ? ಇಷ್ಟು ದಿನ ಉಪವಾಸವಿದ್ದರೆ ಕೆಲಸ ಸಿಕ್ಕೀತು, ಇಷ್ಟು ಕಾಣಿಕೆ ಕೊಟ್ಟರೆ ರೋಗ ವಾಸಿಯಾದೀತು ಎಂಬ ಮಾತು ನಮ್ಮ ಕೂಟಗಳಲ್ಲಿ ಅಪರಿಚಿತವಲ್ಲ. ವಾಸಿಯಾಗದವನಿಗೆ ‘ನಿನ್ನ ನಂಬಿಕೆ ಸಾಲದು’ ಎಂಬ ತೀರ್ಪೂ ಸಿದ್ಧವಾಗಿರುತ್ತದೆ. ಆಗ ನಂಬಿಕೆಯೇ ಹರಕೆಯ ರೂಪ ತಾಳುತ್ತದೆ. ಬಟ್ಟೆ ಉಟ್ಟುಕೊಂಡೇ ನಾವು ಗುಡ್ಡ ಹತ್ತುತ್ತಿರುತ್ತೇವೆ. ಇದಕ್ಕೆ ಎದುರಾದ ಅಪಾಯವೂ ಅಷ್ಟೇ ನಿಜ. ಎಲ್ಲವೂ ಕೃಪೆಯೆಂದು ಹೇಳಿ ಕೈಕಟ್ಟಿ ಕೂರುವವರು, 1986ರಲ್ಲಿ ಏಟು ತಿಂದ ಸುಧಾರಕರ ಪ್ರಯತ್ನದಿಂದ ಕಲಿಯಬೇಕಾದದ್ದಿದೆ. ನೆರೆಯವಳ ಮಾನಕ್ಕಾಗಿ ತಮ್ಮ ಮಾನವನ್ನು ಪಣಕ್ಕಿಟ್ಟವರು ಅವರು.

ಅನಂತಮೂರ್ತಿಯವರ ಶೀರ್ಷಿಕೆಯ ಪ್ರಶ್ನೆಗೆ ನಮ್ಮ ಉತ್ತರ ಸಂಕ್ಷಿಪ್ತವಾದದ್ದು. ಬೆತ್ತಲೆ ಪೂಜೆ ಕೂಡದು. ಅದು ಅಸಭ್ಯವೆಂಬುದಕ್ಕಲ್ಲ, ಅವೈಚಾರಿಕವೆಂಬುದಕ್ಕೂ ಅಲ್ಲ. ತನ್ನ ಮಕ್ಕಳ ಮಾನವನ್ನು ಬೆಲೆಯಾಗಿ ಕೇಳುವವನು ದೇವರಲ್ಲ ಎಂಬುದಕ್ಕೆ. ಆದರೆ ಈ ಮಾತನ್ನು ಹೇಳುವ ಅಧಿಕಾರ ಉಡಿಸಲು ಸಿದ್ಧವಿರುವವರಿಗೆ ಮಾತ್ರ ಸಲ್ಲುತ್ತದೆ. ಉಡುಗೆಯಿಲ್ಲದವರನ್ನು ‘ಸಮಾಧಾನದಿಂದ ಹೋಗಿರಿ’ ಎಂದು ಬರಿಗೈಯಲ್ಲಿ ಕಳುಹಿಸುವವರನ್ನು ಕುರಿತು ಯಾಕೋಬನು ಎತ್ತಿದ ಪ್ರಶ್ನೆ, ಕೃಪೆಯನ್ನು ಸಾರುವ ನಮ್ಮನ್ನೇ ಮೊದಲು ಕೇಳುತ್ತದೆ.