ಹಸಿ, ಸಸ್ಯ, ಸಾವಯವ: ಮೂರು ಮುದ್ರೆಗಳ ವಿಮರ್ಶೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಂದ ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ನಮ್ಮ ಸಮಾಜದ ತರುಣ ತರುಣಿಯರಿಗೆ ಶುದ್ಧಾಹಾರದ ಚಿಂತೆ ಹೊಸದೇನಲ್ಲ. ಕಂದಮೂಲವಿಲ್ಲದ ಊಟ ಎಲ್ಲಿ ಸಿಕ್ಕೀತು, ಸೂರ್ಯಾಸ್ತಕ್ಕೆ ಮೊದಲು ಬಡಿಸುವವರು ಯಾರು ಎಂದು ಹಿಂದಿನ ತಲೆಮಾರಿನವರೂ ನಗರದ ಬೀದಿಗಳಲ್ಲಿ ಅಲೆದಿದ್ದಾರೆ. ಹೊಸತಾದುದು ಪೇಟೆ ಕೊಡುತ್ತಿರುವ ಉತ್ತರ. ಇಂದು ಮಹಾನಗರದ ಅಂಗಡಿಗಳಲ್ಲಿಯೂ ಭೋಜನಗೃಹಗಳಲ್ಲಿಯೂ ಮೂರು ಮಾತುಗಳು ಎದ್ದು ಕಾಣುತ್ತವೆ: ಬೇಯಿಸದ ‘ಹಸಿ’ ಆಹಾರ, ಹಾಲು, ಜೇನುಗಳನ್ನೂ ವರ್ಜಿಸಿದ ‘ವೀಗನ್’ ಅಥವಾ ಶುದ್ಧ ಸಸ್ಯಜನ್ಯ ಆಹಾರ, ರಾಸಾಯನಿಕಗಳಿಲ್ಲದೆ ಬೆಳೆದ ‘ಸಾವಯವ’ ಆಹಾರ. ಮೂರೂ ಮುದ್ರೆಗಳಿರುವ ಪೊಟ್ಟಣವನ್ನು ಕೊಂಡರೆ ಶ್ರಾವಕಾಚಾರವನ್ನು ಪಾಲಿಸಿದಂತೆಯೇ ಆಯಿತು ಎಂಬ ಸಮಾಧಾನ ನಮ್ಮ ಅನೇಕ ಮನೆಗಳಲ್ಲಿ ಬೆಳೆಯುತ್ತಿದೆ. ಈ ಸಮಾಧಾನಕ್ಕೆ ಆಧಾರವುಂಟೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಮುದ್ರೆಗಳನ್ನು ಹಳಿಯುವುದು ಇಲ್ಲಿನ ಗುರಿಯಲ್ಲ. ಅವು ಯಾವ ಪ್ರಶ್ನೆಗೆ ಉತ್ತರ, ನಮ್ಮ ವ್ರತಗಳು ಕೇಳುವ ಪ್ರಶ್ನೆ ಯಾವುದು ಎಂಬುದನ್ನು ಬೇರ್ಪಡಿಸಿ ನೋಡಬೇಕಾಗಿದೆ.

ಮೊದಲನೆಯದು ಹಸಿ. ಕಾಯಿಸಿದರೆ ಆಹಾರದ ಜೀವಸತ್ತ್ವ ನಶಿಸುತ್ತದೆ, ಆದುದರಿಂದ ಹಸಿಯಾದುದೇ ಶ್ರೇಷ್ಠ ಎಂಬುದು ಈ ಪಂಥದ ವಾದ. ಜೈನಾಚಾರದ ದೃಷ್ಟಿ ಇದಕ್ಕೆ ನೇರವಾಗಿ ಇದಿರು ನಿಲ್ಲುತ್ತದೆ. ಹಸಿಯಾದ ಎಲೆ, ಕಾಯಿ, ಕಾಯಿಸದ ನೀರು ‘ಸಚಿತ್ತ’, ಅಂದರೆ ಜೀವಸಹಿತವಾದುದು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದೇ ಸಚಿತ್ತತ್ಯಾಗ. ಮುನಿಗಳು ಸ್ವೀಕರಿಸುವುದು ಪ್ರಾಸುಕವಾದ ಆಹಾರವನ್ನು, ಕಾಯಿಸಿದ ನೀರನ್ನು. ನಗರದ ಹಸಿ ಊಟದ ತಟ್ಟೆಯಲ್ಲಿ ಕ್ಯಾರೆಟ್, ಬೀಟ್ರೂಟ್, ಮೂಲಂಗಿಗಳಿಗೆ ಅಗ್ರಸ್ಥಾನ. ಇವೆಲ್ಲ ಅನಂತಕಾಯಗಳೆಂದು ನಾವು ಬಿಟ್ಟವು. ಮೊಳಕೆ ಬರಿಸಿದ ಕಾಳನ್ನೂ ನಮ್ಮಲ್ಲಿ ಅನೇಕ ಸಂಪ್ರದಾಯಸ್ಥರು ವರ್ಜಿಸುತ್ತಾರೆ. ಹಾಗೆಂದು ಬೆಂದುದೆಲ್ಲ ನಿರ್ದೋಷವೆಂದಲ್ಲ. ಒಲೆ ಹಚ್ಚುವುದರಲ್ಲಿಯೂ ಆರಂಭೀ ಹಿಂಸೆ ಇದ್ದೇ ಇದೆ. ಗೃಹಸ್ಥನು ಅದನ್ನು ಅರಿತು ಮಿತಿಗೊಳಿಸಬೇಕೆಂಬುದಷ್ಟೇ ಶಾಸ್ತ್ರದ ಅಪೇಕ್ಷೆ. ಹಸಿ ಆಹಾರದ ಪಂಥ ತಿನ್ನುವವನ ಆರೋಗ್ಯವನ್ನು ಕುರಿತು ಚಿಂತಿಸುತ್ತದೆ. ಸಚಿತ್ತತ್ಯಾಗ ತಿನ್ನಲ್ಪಡುವ ಜೀವವನ್ನು ಕುರಿತು ಚಿಂತಿಸುತ್ತದೆ. ಎರಡೂ ಒಂದೇ ಎಂದು ಭಾವಿಸುವುದು ಭ್ರಮೆ.

ಎರಡನೆಯ ಮುದ್ರೆಯ ವಿಷಯ ಇಷ್ಟು ಸರಳವಲ್ಲ. ಜೇನನ್ನು ಬಿಡುವುದರಲ್ಲಿ ವೀಗನ್ನರೂ ನಾವೂ ಒಂದೇ ಕಡೆ ಇದ್ದೇವೆ. ಮದ್ಯ, ಮಾಂಸಗಳೊಡನೆ ಜೇನನ್ನೂ ತ್ಯಜಿಸುವುದು ನಮ್ಮ ಮೂಲಗುಣಗಳಲ್ಲಿ ಸೇರಿದೆ. ಹಾಲಿನ ವಿಷಯದಲ್ಲಿ ಮಾತ್ರ ನಾವು ಬೇರೆಯಾಗುತ್ತೇವೆ. ಆದರೆ ಅವರ ಆಕ್ಷೇಪವನ್ನು ವಿದೇಶೀ ವ್ಯಾಮೋಹವೆಂದು ತಳ್ಳಿಹಾಕುವ ಮೊದಲು ತತ್ತ್ವಾರ್ಥಸೂತ್ರವನ್ನು ನೆನೆಯಬೇಕು. ಅಹಿಂಸಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕೊಯ್ಯುವುದು, ಮಿತಿಮೀರಿ ಹೊರೆ ಹೇರುವುದು, ಮೇವು ನೀರು ತಪ್ಪಿಸುವುದು. ಇವೆಲ್ಲ ಸಾಕುಪ್ರಾಣಿಯ ಮುಂದೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ. ಹಟ್ಟಿಯಲ್ಲಿ ಹುಟ್ಟಿದ ಗಂಡುಕರು ಎಲ್ಲಿ ಹೋಯಿತು, ಬತ್ತಿದ ಹಸುವನ್ನು ಯಾರು ಸಾಕುತ್ತಿದ್ದಾರೆ ಎಂದು ವೀಗನ್ನರು ಕೇಳಿದರೆ, ಅವರು ನಮ್ಮ ಅತಿಚಾರಗಳ ಪಟ್ಟಿಯನ್ನೇ ನಮಗೆ ಓದಿ ಹೇಳುತ್ತಿದ್ದಾರೆ. ಅಭಿಷೇಕಕ್ಕೆ ಹಾಲು ತರಿಸುವ ಬಸದಿಯ ಆಡಳಿತ ಮಂಡಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಇಷ್ಟನ್ನು ಒಪ್ಪಿದ ಮೇಲೆಯೂ ಆ ಮುದ್ರೆಯ ಕೊರತೆ ಉಳಿಯುತ್ತದೆ. ಭಾರತದಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿ ಬಂದುದು 2022ರಲ್ಲಿ. ಪದಾರ್ಥದಲ್ಲಿ ಪ್ರಾಣಿಜನ್ಯವಾದುದೇನೂ ಇರಬಾರದೆಂಬುದು ಅದರ ತಿರುಳು. ಈ ಮುದ್ರೆಯಡಿಯಲ್ಲಿ ಸೋಯಾ, ಗೋಧಿಗಳ ಸತ್ತ್ವದಿಂದ ಕೋಳಿಮಾಂಸದ ರೂಪ, ರುಚಿ, ನಾರುಗಳನ್ನು ತದ್ವತ್ತಾಗಿ ಅನುಕರಿಸಿದ ತಿನಿಸುಗಳೂ ಮಾರಾಟವಾಗುತ್ತಿವೆ. ಕನ್ನಡ ಜೈನರಿಗೆ ಈ ತಿನಿಸು ಅಪರಿಚಿತವಲ್ಲ. 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯ ಕೇಂದ್ರದಲ್ಲಿರುವುದು ಹಿಟ್ಟಿನ ಕೋಳಿ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಿರುವ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಇಂದಿನ ಪರೀಕ್ಷಕರು ಅದರಲ್ಲಿ ಪ್ರಾಣಿಯ ಅಂಶವನ್ನು ಹುಡುಕಿದ್ದರೆ ಏನೂ ಸಿಗುತ್ತಿರಲಿಲ್ಲ. ಆದರೂ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಸಂಕಲ್ಪೀ ಹಿಂಸೆಗೆ ರಕ್ತವೇ ಬೇಕಾಗಿಲ್ಲ, ಕೊಲ್ಲುವ ಭಾವ ಸಾಕು ಎಂಬುದು ಆ ಕೃತಿಯ ನಿಲುವು. ಮಾಂಸಾಹಾರಿಯೊಬ್ಬನು ಮಾಂಸವನ್ನು ಬಿಡಲು ಇಂಥ ತಿನಿಸು ಮೆಟ್ಟಿಲಾಗುವುದಾದರೆ ಅದು ಸ್ತುತ್ಯವೇ. ಹುಟ್ಟಿನಿಂದ ಮಾಂಸವನ್ನು ಮುಟ್ಟದ ಮನೆಯ ಮಗು ಅದರ ರುಚಿಯನ್ನು ಇದರಿಂದ ಕಲಿಯುವುದಾದರೆ, ಅದೇ ಮೆಟ್ಟಿಲು ಕೆಳಗಿಳಿಯುವ ದಾರಿಯಾಗುತ್ತದೆ.

ಭಾವದ ಮಾತು ಹಾಗಿರಲಿ. ಪದಾರ್ಥ ಸಾಗಿ ಬಂದ ದಾರಿಯನ್ನಾದರೂ ಈ ಮುದ್ರೆಗಳು ತಿಳಿಸುತ್ತವೆಯೇ? ನಮ್ಮ ಊರಿನದೇ ಒಂದು ಉದಾಹರಣೆ ಸಾಕು. ಬೆಂಗಳೂರಿನ ವೀಗನ್ ಅಡುಗೆಯಲ್ಲಿ ಹಾಲು, ಬೆಣ್ಣೆ, ಗಿಣ್ಣುಗಳ ಸ್ಥಾನವನ್ನು ಬಹುಮಟ್ಟಿಗೆ ತುಂಬಿರುವುದು ಗೇರುಬೀಜ. ಹಸಿ ಆಹಾರದವರಿಗೂ ಅದು ಪ್ರಿಯ. ಆದರೆ ಗೇರುಬೀಜದ ಚಿಪ್ಪಿನಲ್ಲಿ ಚರ್ಮವನ್ನು ಸುಡುವ ಎಣ್ಣೆಯಿದೆ. ಕಾರ್ಖಾನೆಯಲ್ಲಿ ಹಬೆಯಲ್ಲಿ ಬೇಯಿಸಿ ಅಥವಾ ಹುರಿದು ಒಡೆದ ಮೇಲೆಯೇ ಸಾಮಾನ್ಯವಾಗಿ ತಿರುಳು ಹೊರಬರುತ್ತದೆ. ಪೊಟ್ಟಣದ ಮೇಲೆ ‘ಹಸಿ’ ಎಂದು ಬರೆದಿದ್ದರೂ ತಿರುಳು ಶಾಖವನ್ನು ಕಂಡೇ ಬಂದಿರುತ್ತದೆ. ನಮ್ಮ ಕಾರ್ಖಾನೆಗಳು ಒಡೆಯುವ ಬೀಜದಲ್ಲಿ ದೊಡ್ಡ ಪಾಲು ಆಫ್ರಿಕಾ ಖಂಡದಿಂದ ಹಡಗಿನಲ್ಲಿ ಬರುವಂಥದು. ಮಂಗಳೂರಿನ ಗೋಡಂಬಿ ಎಂಬ ಹೆಸರು ಮರದ ಊರನ್ನು ಹೇಳುವುದಿಲ್ಲ.

ಇನ್ನು ಇದೇ ನೆಲದಲ್ಲಿ ಬೆಳೆದ ಗೇರಿನ ಕಥೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಗೇರು ಈ ಸೀಮೆಗೆ ಅಷ್ಟು ಮುಖ್ಯವಾದ ಬೆಳೆ. ಗೇರಿನ ಚಿಗುರು ಹೂಗಳ ರಸ ಹೀರುವ ‘ಟೀ ಸೊಳ್ಳೆ’ ಎಂಬ ತಿಗಣೆಯನ್ನು ಕೊಲ್ಲಲು ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ನಿಗಮವು 1970ರ ದಶಕದ ಕೊನೆಯಿಂದ 2000ದ ವರೆಗೆ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ದಕ್ಷಿಣ ಕನ್ನಡದಲ್ಲಿಯೂ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಇದೇ ಕ್ರಮ ನಡೆಯಿತು. ಎಣ್ಮಕಜೆಯ ಪಡ್ರೆ ಗ್ರಾಮದ ಪತ್ರಕರ್ತ ಶ್ರೀ ಪಡ್ರೆಯವರ ಗಮನವನ್ನು ಮೊದಲು ಸೆಳೆದುದು ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳು. ಮಕ್ಕಳ ಸರದಿ ಅನಂತರ ಬಂದಿತು. ಕೊಕ್ಕಡ, ಪಟ್ರಮೆ, ನಿಡ್ಲೆ, ಕೊಯಿಲ ಮೊದಲಾದ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯಗಳ ನಡುವೆ ಬದುಕುತ್ತಿರುವವರನ್ನು ಸರ್ಕಾರವೇ ಪೀಡಿತರೆಂದು ಗುರುತಿಸಿ ಮಾಸಾಶನ ನೀಡುತ್ತಿದೆ. ಕೊಕ್ಕಡ, ಕೊಯಿಲಗಳಲ್ಲಿ ಅವರಿಗಾಗಿ ಹಗಲು ಪಾಲನಾ ಕೇಂದ್ರಗಳನ್ನು ತೆರೆಯಬೇಕಾಯಿತು. ಪ್ರತಿಯೊಂದು ರೋಗಕ್ಕೂ ಇದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದಗಳು ನಡೆದಿವೆ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಎಂಡೋಸಲ್ಫಾನನ್ನು ತಡೆಯಿತು.

ಆ ವರ್ಷಗಳಲ್ಲಿ ಆ ತೋಟಗಳ ಗೇರುಬೀಜ ನಮ್ಮ ಮದುವೆ ಮನೆಗಳ ಪಾಯಸದಲ್ಲಿಯೂ ಹಬ್ಬದ ಸಿಹಿಯಲ್ಲಿಯೂ ಇತ್ತು ಎಂದರೆ ಉತ್ಪ್ರೇಕ್ಷೆಯಾಗದು. ಅದು ಸಸ್ಯಾಹಾರವೇ, ವೀಗನ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗುವಂಥದು. ಹಸಿರು ಚುಕ್ಕೆ ಅದಕ್ಕೆ ನ್ಯಾಯವಾಗಿಯೇ ಸಲ್ಲುತ್ತಿತ್ತು. ಆ ಬೀಜದ ಹಿಂದೆ ಎಷ್ಟು ಕೋಟಿ ಕೀಟಗಳು, ತೊರೆಯ ಮೀನುಗಳು, ಜೇನ್ನೊಣಗಳು, ಎಷ್ಟು ಮನೆಗಳ ಶಿಶುಗಳು ಎಂಬುದನ್ನು ಯಾವ ಮುದ್ರೆಯೂ ಹೇಳುತ್ತಿರಲಿಲ್ಲ. ಅನರ್ಥದಂಡಗಳಲ್ಲಿ ಒಂದಾದ ಹಿಂಸಾದಾನವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಶಸ್ತ್ರ, ಅಗ್ನಿಗಳೊಡನೆ ವಿಷವನ್ನೂ ಹೆಸರಿಸಿದ್ದಾರೆ. ವಿಷವನ್ನು ಇನ್ನೊಬ್ಬರ ಕೈಗೆ ಕೊಡುವುದೂ ಹಿಂಸೆಯೇ ಎಂದ ಮೇಲೆ, ವಿಷ ಸುರಿದು ಬೆಳೆದುದನ್ನು ಏನೂ ಕೇಳದೆ ಕೊಳ್ಳುವುದು ಕೃತ, ಕಾರಿತ, ಅನುಮೋದಿತಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಓದುಗರೇ ನಿರ್ಣಯಿಸಬಹುದು.

ಹಾಗಾದರೆ ಮೂರನೆಯ ಮುದ್ರೆಯಾದ ಸಾವಯವವೇ ಪರಿಹಾರವಲ್ಲವೇ ಎಂದು ಕೇಳಬಹುದು. ವಿಷದ ಪ್ರಶ್ನೆಗೆ ಅದು ಬಹುಮಟ್ಟಿಗೆ ಉತ್ತರವೆಂಬುದು ನಿಜ. ಕರ್ನಾಟಕ ಸರ್ಕಾರ 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ತಂದಿತು. 2017ರ ಕೇಂದ್ರ ನಿಯಮಾವಳಿಯ ಪ್ರಕಾರ ಸಾವಯವವೆಂದು ಮಾರುವ ಪದಾರ್ಥಕ್ಕೆ ಪ್ರಮಾಣಪತ್ರ ಬೇಕು, ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಬೆಳೆಗಾರರಿಗೆ ವಿನಾಯಿತಿ ಇದೆ. ಆದರೆ ಸಾವಯವದ ಮಾನದಂಡ ಅಹಿಂಸೆಯ ಮಾನದಂಡವಲ್ಲ. ಎಲುಬಿನ ಹುಡಿ, ರಕ್ತದ ಹುಡಿ, ಮೀನಿನ ಗೊಬ್ಬರಗಳನ್ನು ಷರತ್ತುಗಳೊಡನೆ ಬಳಸಲು ಅಲ್ಲಿ ಅವಕಾಶವಿದೆ. ಕಸಾಯಿಖಾನೆಯ ಉಳಿಕೆಯಿಂದ ಪುಷ್ಟಿಗೊಂಡ ಸೊಪ್ಪು ‘ಸಾವಯವ’ವೂ ಹೌದು, ‘ವೀಗನ್’ ಎನಿಸುವುದಕ್ಕೂ ಅಡ್ಡಿಯಿಲ್ಲ. ಶ್ರಾವಕನು ಕೇಳಬೇಕಾದ ಪ್ರಶ್ನೆಯನ್ನು ಪ್ರಮಾಣಪತ್ರ ಕೇಳುವುದೇ ಇಲ್ಲ.

ಈ ಮೂರೂ ಮುದ್ರೆಗಳಿಗೆ ಸಮಾನವಾದ ಒಂದು ದೋಷವಿದೆ. ಅವು ಪದಾರ್ಥವನ್ನು ಮಾತ್ರ ಪರೀಕ್ಷಿಸುತ್ತವೆ, ಕೊಳ್ಳುವವನನ್ನು ಪರೀಕ್ಷಿಸುವುದಿಲ್ಲ. ಜೈನಾಚಾರದಲ್ಲಿ ಇದಕ್ಕೆ ವಿರುದ್ಧವಾದ ಒಂದು ಸೂಕ್ಷ್ಮ ವಿಚಾರವಿದೆ. ಹನ್ನೊಂದನೆಯ ಪ್ರತಿಮೆಯನ್ನು ಉದ್ದಿಷ್ಟತ್ಯಾಗವೆನ್ನುತ್ತಾರೆ: ತನಗಾಗಿಯೇ ಸಿದ್ಧಪಡಿಸಿದ ಆಹಾರವನ್ನು ವ್ರತಿ ಸ್ವೀಕರಿಸನು, ಸ್ವೀಕರಿಸಿದರೆ ಅದಕ್ಕಾಗಿ ನಡೆದ ಹಿಂಸೆಯಲ್ಲಿ ಅವನಿಗೂ ಪಾಲು ಬರುತ್ತದೆ. ಬೇಡಿಕೆಗೂ ಹಿಂಸೆಗೂ ಇರುವ ಸಂಬಂಧವನ್ನು ನಮ್ಮ ಆಚಾರ್ಯರು ಇಷ್ಟು ಸ್ಪಷ್ಟವಾಗಿ ಗುರುತಿಸಿದ್ದರು. ಇಂದಿನ ಪೇಟೆಯಲ್ಲಿ ಉದ್ದಿಷ್ಟವಲ್ಲದ ವಸ್ತುವೇ ಇಲ್ಲ; ನಾವು ಕೊಳ್ಳುತ್ತೇವೆಂದೇ ಅದು ಬೆಳೆಯುತ್ತದೆ. ಗೃಹಸ್ಥನಿಗೆ ಇದರಿಂದ ಪೂರ್ಣ ಬಿಡುಗಡೆ ಸಾಧ್ಯವಿಲ್ಲ. ಅದಕ್ಕಾಗಿಯೇ ಅವನಿಗೆ ವಿಧಿಸಿರುವುದು ಭೋಗೋಪಭೋಗ ಪರಿಮಾಣ ವ್ರತ. ನಲವತ್ತು ಬಗೆಯ ಪೊಟ್ಟಣಗಳ ಮೂಲವನ್ನು ಪತ್ತೆಹಚ್ಚುವುದು ಯಾರಿಗೂ ಆಗದ ಕೆಲಸ. ಹತ್ತು ಪದಾರ್ಥಗಳಿಗೆ ಮಿತಿ ಹಾಕಿಕೊಂಡವನು ಆ ಹತ್ತರ ಮೂಲವನ್ನು ಖಂಡಿತವಾಗಿ ತಿಳಿಯಬಲ್ಲನು. ಮಿತಿ ಇರುವಲ್ಲಿ ವಿಚಾರಣೆ ಸಾಧ್ಯ.

ಊರಿನಲ್ಲಿ ಉಳಿದವರು ಇದು ನಗರದವರ ಸಮಸ್ಯೆ ಎಂದು ಭಾವಿಸಬೇಕಾಗಿಲ್ಲ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಬೈಲುಗದ್ದೆಗಳು ಈ ಮೂರು ತಾಲೂಕುಗಳಲ್ಲಿ ಬಹುತೇಕ ಅಡಿಕೆ ತೋಟಗಳಾಗಿವೆ. ಕುಚ್ಚಲಕ್ಕಿ ಅಂಗಡಿಯಿಂದ ಬರುತ್ತದೆ. ತರಕಾರಿ ಘಟ್ಟದ ಮೇಲಿನಿಂದ ಇಳಿಯುತ್ತದೆ. ಅದಕ್ಕೆ ಏನು ಸಿಂಪಡಿಸಿದ್ದಾರೆಂದು ಪುತ್ತೂರಿನ ಗೃಹಿಣಿಗೂ ತಿಳಿಯದು, ಬೆಂಗಳೂರಿನ ಅವಳ ಮಗಳಿಗೂ ತಿಳಿಯದು. ಅಡಿಕೆಯ ಆದಾಯ ನಮ್ಮ ಮನೆಗಳನ್ನು ಎತ್ತಿ ನಿಲ್ಲಿಸಿದೆ ಎಂಬುದನ್ನು ಮರೆಯಬಾರದು. ಆದರೆ ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ತೋಟಗಳು ಬರಿದಾದುದನ್ನು ಕಂಡ ಮೇಲೆ, ಒಂದೇ ಬೆಳೆಯನ್ನು ನೆಚ್ಚಿ ಅನ್ನವನ್ನು ಪರರಿಗೆ ಒಪ್ಪಿಸಿದುದು ವಿವೇಕವೇ ಎಂದು ಯೋಚಿಸಲೇಬೇಕು.

ಇದೇ ನೆಲದಲ್ಲಿ ಬೇರೆ ದಾರಿಯೂ ತೋರಿದೆ. ಹಿತ್ತಲ ಹಲಸಿಗೆ, ದೀಗುಜ್ಜೆಗೆ, ಬಸಳೆ ಚಪ್ಪರಕ್ಕೆ ಯಾರೂ ವಿಷ ಹೊಡೆಯುವುದಿಲ್ಲ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ ಹಲಸನ್ನು ಮರಳಿ ಅಡುಗೆಮನೆಗೆ ತರಲು ವರ್ಷಗಟ್ಟಲೆ ಬರೆಯಿತು. 2021ರಲ್ಲಿ ಬಾಳೆಕಾಯಿ ಹುಡಿಯನ್ನು ಮನೆಮನೆಗಳಲ್ಲಿ ತಯಾರಿಸುವ ಆಂದೋಲನವನ್ನೇ ನಡೆಸಿತು. ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗವು ಭಾನುವಾರದ ಸಂತೆಯಲ್ಲಿ ಬೆಳೆದವರನ್ನೂ ಕೊಳ್ಳುವವರನ್ನೂ ಮುಖಾಮುಖಿ ನಿಲ್ಲಿಸಿದೆ. ಅಂಥ ಸಂತೆಯಲ್ಲಿ ಯಾವ ಗೊಬ್ಬರ ಹಾಕಿದಿರಿ, ಹುಳು ಬಂದಾಗ ಏನು ಮಾಡಿದಿರಿ ಎಂದು ಬಾಯಿಬಿಟ್ಟು ಕೇಳಬಹುದು. ಮುದ್ರೆ ಕೊಡಲಾರದ ಉತ್ತರವನ್ನು ಮನುಷ್ಯನು ಕೊಡುತ್ತಾನೆ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮಾರ್ಗದರ್ಶಕರಾಗಬಲ್ಲವು. ಉತ್ಸವದ ಭೋಜನಕ್ಕೆ ನೂರಾರು ಜನರ ಅಕ್ಕಿ, ಬೇಳೆ, ತೆಂಗು, ಗೇರುಬೀಜ, ಹಾಲುಗಳನ್ನು ಒಟ್ಟಿಗೆ ಕೊಳ್ಳುವವರು ಅವರು. ಅತಿ ಕಡಮೆ ಬೆಲೆಯ ಪಟ್ಟಿಯನ್ನು ಒಪ್ಪುವ ಮೊದಲು ಬೆಳೆದವರು ಯಾರು, ಕೀಟಕ್ಕೆ ಏನು ಮಾಡಿದರು, ಗೊಬ್ಬರ ಎಲ್ಲಿಯದು, ಗಂಡುಕರುಗಳ ಗತಿಯೇನು ಎಂದು ನಾಲ್ಕು ಪ್ರಶ್ನೆಗಳನ್ನು ಕೇಳುವ ನಿರ್ಣಯವನ್ನು ಮುಂದಿನ ಸಭೆಯಲ್ಲಿಯೇ ಕೈಗೊಳ್ಳಬಹುದು. ಬಸದಿಗೆ ಜಮೀನಿದ್ದರೆ ಗೇಣಿಯ ಕರಾರಿನಲ್ಲಿ ವಿಷ ಬಳಸಬಾರದೆಂಬ ಒಂದು ವಾಕ್ಯವನ್ನು ಸೇರಿಸಬಹುದು. ಅರ್ಧ ಎಕರೆಯಲ್ಲಾದರೂ ಭತ್ತವನ್ನೋ ತರಕಾರಿಯನ್ನೋ ಬೆಳೆಸಬಹುದು. ಖರ್ಚು ಸ್ವಲ್ಪ ಹೆಚ್ಚಾದೀತು. ಭಕ್ಷ್ಯಗಳ ಸಂಖ್ಯೆಯನ್ನು ಎರಡು ಕಡಮೆ ಮಾಡಿದರೆ ಆ ಖರ್ಚು ಸರಿಹೋಗುತ್ತದೆ. ಪರಿಮಾಣ ವ್ರತವನ್ನು ಪಾಲಿಸಿದಂತೆಯೂ ಆಗುತ್ತದೆ. ಧರ್ಮಬಂಧುಗಳು ಈ ಕುರಿತು ತಮ್ಮ ತಮ್ಮ ಊರುಗಳಲ್ಲಿ ಚರ್ಚಿಸಲಿ.