ಬುಟ್ಟಿಗೆ ಕಟ್ಟಿದ ಕಾವಲು

ಜಪಾನಿನಲ್ಲಿ ಮಧ್ಯಾಹ್ನ ಮೂರರ ಮೇಲೆ, ಶಾಲೆ ಬಿಡುವ ಹೊತ್ತಿಗೆ, ಬೀದಿಯ ಸೈಕಲ್ಲುಗಳನ್ನು ನೋಡಬೇಕು. ಮುಂದಿನ ಬುಟ್ಟಿಯಿಂದ ಈರುಳ್ಳಿ ಸೊಪ್ಪಿನ ಉದ್ದನೆಯ ಕಟ್ಟೊಂದು ಇಣುಕುತ್ತಿರುತ್ತದೆ. ಅದೇ ಬುಟ್ಟಿಯ ಎದುರಿಗೆ ಒಂದು ಪ್ಲಾಸ್ಟಿಕ್ ಬೋರ್ಡು, ಅದರ ಮೇಲೆ ‘ಗಸ್ತು ನಡೆಯುತ್ತಿದೆ’ ಎಂಬರ್ಥದ ದಪ್ಪಕ್ಷರ. ತುಳಿಯುತ್ತಿರುವಾಕೆ ತರಕಾರಿ ಕೊಂಡು ಮನೆಗೆ ಹೊರಟ ಗೃಹಿಣಿ. ಕೈಯಲ್ಲಿ ಲಾಠಿಯಿಲ್ಲ, ಬಾಯಲ್ಲಿ ಸೀಟಿಯಿಲ್ಲ. ಇದೆಂಥ ಗಸ್ತು ಎಂದು ನಗು ಬರಬಹುದು. ನನಗಂತೂ ಇದು ಜಾಣ ಉಪಾಯವಾಗಿಯೇ ಕಾಣುತ್ತದೆ. ಆದರೆ ಅದರ ಪರವಾಗಿ ಸಾಮಾನ್ಯವಾಗಿ ಮುಂದಿಡುವ ಲೆಕ್ಕವನ್ನು ನಾನು ಒಪ್ಪಲಾರೆ.

ಲೆಕ್ಕ ಹೀಗಿದೆ. 2001ರಲ್ಲಿ ಒಸಾಕಾದ ಶಾಲೆಯೊಂದಕ್ಕೆ ನುಗ್ಗಿದವನು ಎಂಟು ಮಕ್ಕಳನ್ನು ಕೊಂದ. ಮರುವರ್ಷ ದೇಶದಲ್ಲಿ ದಾಖಲಾದ ಅಪರಾಧಗಳು 28 ಲಕ್ಷ ದಾಟಿದವು. ಜನ ಬೀದಿಗಿಳಿದರು. 2003ರ ಕೊನೆಗೆ ಮೂರು ಸಾವಿರದಷ್ಟಿದ್ದ ಸ್ವಯಂಸೇವಕ ಗುಂಪುಗಳು 2016ಕ್ಕೆ 48,000ದಷ್ಟಾದವು. ಅಪರಾಧಗಳ ಸಂಖ್ಯೆ 10 ಲಕ್ಷದ ಕೆಳಗಿಳಿಯಿತು. ಒಂದು ಗೆರೆ ಮೇಲೆ, ಇನ್ನೊಂದು ಕೆಳಗೆ. ಆದರೆ ಇಂಥ ಬುಟ್ಟಿ ಬೋರ್ಡುಗಳಿಲ್ಲದ ಎಷ್ಟೋ ಶ್ರೀಮಂತ ದೇಶಗಳಲ್ಲೂ ಅದೇ ಕಾಲಕ್ಕೆ ಕಳ್ಳತನ ಇಳಿದಿದೆ. ಅಲ್ಲದೆ ಜಪಾನಿನಲ್ಲಿ ದಾಖಲಾಗುವ ಅಪರಾಧಗಳಲ್ಲಿ ದೊಡ್ಡದೊಂದು ಪಾಲು ಸೈಕಲ್ ಕಳವಿನದೇ. ಅದಕ್ಕೆ ಬೋರ್ಡಿಗಿಂತ ಒಳ್ಳೆಯ ಬೀಗ ಹೆಚ್ಚು ಕೆಲಸ ಮಾಡೀತು!

ಉಪಾಯದ ಜಾಣತನ ಇರುವುದು ಸೈಕಲ್ಲಿನ ನಿಧಾನದಲ್ಲಿ. ಕಾರಿನಲ್ಲಿ ಕುಳಿತವನಿಗೂ ಬೀದಿಗೂ ನಡುವೆ ಗಾಜು. ನಡೆಯುವವನು ನಾಲ್ಕು ಓಣಿಗೇ ಸುಸ್ತು. ಸೈಕಲ್ಲಾದರೆ ಕಾರು ತೂರದ ಸಂದಿಗೂ ಹೋಗುತ್ತದೆ, ಒಂದು ಕಾಲು ನೆಲಕ್ಕೂರಿದರೆ ಮಾತಿಗೆ ನಿಲ್ಲುತ್ತದೆ. 2018ರಲ್ಲಿ ನಿಗಾತಾದಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಬಾಲಕಿಯ ಕೊಲೆಯಾದ ಮೇಲೆ, ನಿತ್ಯದ ಕೆಲಸ ಮಾಡುತ್ತಲೇ ಮಕ್ಕಳ ಮೇಲೊಂದು ಕಣ್ಣಿಡಿ ಎಂದು ಸರ್ಕಾರವೇ ಒತ್ತಿ ಹೇಳತೊಡಗಿತು. ಗಸ್ತಿನ ಗುಂಪುಗಳಲ್ಲಿದ್ದವರಿಗೆ ವಯಸ್ಸಾಗುತ್ತಿತ್ತು. ಬೇರೆಯಾಗಿ ಸಮಯ ಕೇಳದ ಕಾವಲು ಬೇಕಿತ್ತು. ನಮ್ಮ ಬಡಾವಣೆಗಳ ಗೂರ್ಖಾ ರಾತ್ರಿ ಎರಡಕ್ಕೆ ಸೈಕಲ್ ಮೇಲೆ ಸೀಟಿ ಊದುತ್ತಾ ಬಂದರೆ ತಾನೆಲ್ಲಿದ್ದೇನೆಂದು ಕಳ್ಳನಿಗೂ ತಿಳಿಸಿರುತ್ತಾನೆ. ತರಕಾರಿಯಾಕೆ ಯಾವ ತಿರುವಿನಲ್ಲಿ ಎದುರಾಗುತ್ತಾಳೋ ಹೇಳಲಾಗದು.

ಕೆಡುವುದು ಎಲ್ಲಿ ಎಂದರೆ, ಬೋರ್ಡು ಕಟ್ಟಿಕೊಂಡವರ ಕಣ್ಣು ‘ಅನುಮಾನಾಸ್ಪದ’ ಮುಖವನ್ನು ಹುಡುಕತೊಡಗಿದಾಗ. ಅಪರಿಚಿತನೊಬ್ಬ ಮಗುವನ್ನು ಮಾತಾಡಿಸಿದ್ದಷ್ಟೇ ಎಚ್ಚರಿಕೆಯ ಸಂದೇಶವಾಗಿ ಊರೆಲ್ಲ ಹರಡುವುದುಂಟು. ಒಂಟಿ ಗಂಡಸು, ಪರದೇಶಿ, ಸುಮ್ಮನೆ ನಿಂತವನು, ಎಲ್ಲರೂ ಗುಮಾನಿಗೆ ಬೀಳುತ್ತಾರೆ. 2017ರಲ್ಲಿ ಚಿಬಾ ಪ್ರಾಂತದಲ್ಲಿ ವಿಯೆಟ್ನಾಂ ಮೂಲದ ಒಂಬತ್ತು ವರ್ಷದ ಹುಡುಗಿಯ ಕೊಲೆಯಾಯಿತು. ಜೀವಾವಧಿ ಶಿಕ್ಷೆಯಾದದ್ದು ಆಕೆಯ ಶಾಲೆಯ ಪೋಷಕರ ಸಂಘದ ಅಧ್ಯಕ್ಷನಿಗೆ. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಕಾವಲು ನಿಲ್ಲುತ್ತಿದ್ದವನೇ ಅವನು. ಕಾವಲಿನ ಗುರುತು ತೊಟ್ಟವರನ್ನು ನಂಬಿ ಎಂದು ಮಕ್ಕಳಿಗೆ ಕಲಿಸಿದ ವ್ಯವಸ್ಥೆಯ ಬಳಿ ಇದಕ್ಕೆ ಉತ್ತರ ಇಲ್ಲ. ಇನ್ನಷ್ಟು ಬೋರ್ಡು ಹಂಚುವುದು ಉತ್ತರವಂತೂ ಅಲ್ಲ.

ಹಾಗೆಂದು ಇದನ್ನೆಲ್ಲ ಎತ್ತಿ ಬಿಸಾಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಶಾಲೆ ಬಿಟ್ಟು ಬರುವ ಮಕ್ಕಳಿಗೆ ಬೀದಿಯ ಹಿರಿಯರು ‘ಒಕಾಎರಿ’ ಎನ್ನುತ್ತಾರೆ; ಹೊರಗೆ ಹೋದವರು ಮನೆಗೆ ಮರಳಿದಾಗ ಒಳಗಿನವರು ಹೇಳುವ ಮಾತು ಅದು, ‘ಬಂದೆಯಾ’ ಅಂದಹಾಗೆ. ಬೆನ್ನಿನ ಚೀಲ ಕುಣಿಸುತ್ತಾ ಮಗು ‘ತದಾಇಮಾ’, ಬಂದೆ, ಅನ್ನುತ್ತದೆ. ಸೈಕಲ್ ನಿಂತಿರುವುದಿಲ್ಲ, ಬರೀ ನಿಧಾನವಾಗಿರುತ್ತದೆ. ಬುಟ್ಟಿಯ ಬೋರ್ಡಿನಲ್ಲಿ ಏನು ಬರೆದಿದೆಯೆಂದು ಮಗು ನೋಡಿರುವುದೂ ಇಲ್ಲ.